ಮೊದಲೇ ಬಂದ ಚಪ್ಪಾಳೆ

ಪ್ರತಿ ಮಂಗಳವಾರ ಬೆಳಗ್ಗೆ ಮಾರ್ನಿ ಕಾಲೇಜಿನ ವಿಡಿಯೋ ಕೋಣೆಯ ಬೀಗ ತೆಗೆದು, ಕ್ಯಾಮೆರಾ ಹಚ್ಚಿ, ದನಿ ಮುಟ್ಟುತ್ತದೆಯೇ ನೋಡಲು ಒಂದು ಚಪ್ಪಾಳೆ ತಟ್ಟುತ್ತಿದ್ದಳು. ಗಳಿಗೆ ಬಿಟ್ಟು ಗೋಡೆಯ ಪರದೆಯೊಳಗಿಂದ ಚಾಯೋ ತಿರುಗಿ ತಟ್ಟುತ್ತಿದ್ದಳು. ಚಾಯೋ ಇದ್ದದ್ದು ಮೆಕ್ಸಿಕೋದಲ್ಲಿ, ವಾಹಾಕಾ ಊರಿನ ಇಂಥದೇ ಕೋಣೆಯಲ್ಲಿ. ಮಾರ್ನಿಯ ಊರು ಥಂಡರ್ ಬೇಯಿಂದ ಅಲ್ಲಿಗೆ ದನಿ ಹೋಗಿ ಬರಲು ಅಷ್ಟು ಹೊತ್ತು ಬೇಕು. ಮಣ್ಣಿನ ಪಾಠ ಮಾಡುವ ಐನೊ ಮೇಷ್ಟ್ರಿಗೂ ಅದು ರೂಢಿಯಾಗಿತ್ತು. ಅತ್ತಲಿನ ಹುಡುಗರಿಗೆ ಪ್ರಶ್ನೆ ಕೇಳಿ, ಕೊಂಚ ತಡೆದು, ಆಮೇಲೆ ಕಿವಿ ಕೊಡುತ್ತಿದ್ದರು.

ಹತ್ತನೇ ತರಗತಿಗೇ ಶಾಲೆ ಬಿಟ್ಟ ಮಾರ್ನಿಗೆ ಆ ಕೋಣೆಯ ಹಿಂದಿನ ಮೂಲೆ ಹಿತವಾಗಿತ್ತು. ಕ್ಯಾಮೆರಾ ತಿರುಗಿಸುವುದು, ದನಿ ಏರಿಸಿ ಇಳಿಸುವುದು ಅವಳ ಕೆಲಸ. ಎರಡು ವರ್ಷದಲ್ಲಿ ತರಗತಿಯ ನಡುವೆ ಒಂದು ಮಾತೂ ಆಡಿರಲಿಲ್ಲ. ಅವಳನ್ನು ಮಾತಾಡಿಸುತ್ತಿದ್ದವರೂ ಮೇಷ್ಟ್ರು ಒಬ್ಬರೇ. ಮನೆಯಲ್ಲೇ ಮಾಡಿದ ಏಲಕ್ಕಿ ಬ್ರೆಡ್ಡಿನ ತುಂಡು ಕೊಟ್ಟು, “ತಾಯೀ, ಇವತ್ತಾದ್ರೂ ನನ್ನ ಮೂತಿ ಚೆನ್ನಾಗಿ ತೋರಿಸಮ್ಮ” ಅನ್ನುತ್ತಿದ್ದರು.

ಮಾರ್ಚಿನ ಮೊದಲ ಮಂಗಳವಾರ, ಮಾರ್ನಿ ಕೈ ಎತ್ತುವಷ್ಟರಲ್ಲೇ ಚಾಯೋಳ ಚಪ್ಪಾಳೆ ಕೇಳಿಸಿತು. ಆಮೇಲೆ ಮಾರ್ನಿ ಫೋನಿನಲ್ಲಿ ಅವಳನ್ನು ಕೇಳಿದಳು.

“ಏನೇ, ಅಷ್ಟು ಅವಸರ ನಿಂಗೆ?”

“ಅವಸರ ಎಲ್ಲಿಂದ ಬಂತು? ನೀನು ತಟ್ಟಿದ್ಮೇಲೇ ತಟ್ಟಿದ್ದು. ಮುಖ ತೊಳ್ಕೊಂಡು ಬಾ ಹೋಗು!”

ಮುಂದಿನ ವಾರ ಮೇಷ್ಟ್ರು ತಮಾಷೆ ಹೇಳಲೆಂದು ಬಾಯಿ ತೆರೆಯುವ ಮೊದಲೇ ವಾಹಾಕಾದವರು ಘೊಳ್ಳೆಂದು ನಕ್ಕರು. ಮುಂದಿನ ಸಾಲಿನ ಡೆಕ್ಲನ್, “ಮೇಷ್ಟ್ರೇ, ನಿಮ್ಮ ಜೋಕು ಅಲ್ಲೂ ಹಳಸಿದೆ, ಕೇಳೋ ಮುಂಚೇನೇ ನಕ್ಕು ಮುಗಿಸ್ತಾರೆ” ಎಂದ. ಎಲ್ಲರೂ ನಕ್ಕರು. ಮಾರ್ನಿ ನಗಲಿಲ್ಲ.

ಮೂರನೆಯ ವಾರ ಅತ್ತಲಿನ ಎಫ್ರಾಯಿನ್ ಎಂಬವನು ಎದ್ದು, “ಜೇಡಿಮಣ್ಣು” ಎಂದು ಕೂತ. ಮೇಷ್ಟ್ರು ಏನನ್ನೂ ಕೇಳಿರಲಿಲ್ಲ. ಮಾರ್ನಿ ಗೋಡೆಯ ಗಡಿಯಾರ ನೋಡಿದಳು. ಸರಿಯಾಗಿ ನಲವತ್ತು ಸೆಕೆಂಡಿಗೆ ಮೇಷ್ಟ್ರು ಕೇಳಿದರು: “ನೀರು ಹಿಡಿದಿಟ್ಟುಕೊಳ್ಳೋ ಮಣ್ಣು ಯಾವುದು, ಎಫ್ರಾಯಿನ್?”

ಯಂತ್ರ ನೋಡಿಕೊಳ್ಳುವವನನ್ನು ಕರೆಸಿದಳು. ಅವನು ತಂತಿಗಳನ್ನೆಲ್ಲ ಎಳೆದು ನೋಡಿ, “ತಡವಾದ್ರೆ ರಿಪೇರಿ ಮಾಡ್ಬಹುದು ಕಣಮ್ಮ, ಬೇಗ ಬಂದ್ರೆ ನಾನೇನ್ ಮಾಡ್ಲಿ?” ಎಂದು ಚೀಲ ಹೆಗಲಿಗೇರಿಸಿದ.

ನಾಲ್ಕನೆಯ ಮಂಗಳವಾರ. ಮೇಷ್ಟ್ರು ಮೇಜಿನ ಮೇಲೆ ಮಣ್ಣಿನ ತಟ್ಟೆಗಳನ್ನು ಹರಡಿಕೊಂಡು ಬಗ್ಗಿದ್ದರು. ಇದ್ದಕ್ಕಿದ್ದಂತೆ ಪರದೆಯಲ್ಲಿ ವಾಹಾಕಾದವರೆಲ್ಲ ದಡಕ್ಕನೆ ಎದ್ದರು. ಕುರ್ಚಿಯೊಂದು ಉರುಳಿತು. ಎಫ್ರಾಯಿನ್ ತಲೆ ಹಿಡಿದುಕೊಂಡ. ಚಾಯೋ ಓಡಿ ಬಂದು, ಬಾಯಿಗೆ ಕೈ ಅಡ್ಡ ಹಿಡಿದು, “ಮೇಷ್ಟ್ರೇ! ಅಯ್ಯೋ, ಮೇಷ್ಟ್ರೇ!” ಎಂದು ಚೀರಿದಳು.

“ಅಲ್ಲೇನು, ಭೂಕಂಪವೇ?” ಎಂದರು ಮೇಷ್ಟ್ರು ತಲೆಯೆತ್ತದೆ.

ಭೂಕಂಪವಲ್ಲ. ಅಲ್ಲಿನ ತೂಗುದೀಪ ಅಲುಗಾಡುತ್ತಿರಲಿಲ್ಲ. ಅವರೆಲ್ಲ ನೋಡುತ್ತಿದ್ದದ್ದು ತಮ್ಮ ಪರದೆಯನ್ನು. ಆ ಪರದೆಯಲ್ಲಿ ಯಾರಿದ್ದಾರೆಂಬುದು ಮಾರ್ನಿಗೆ ಗೊತ್ತಿತ್ತು. ಕ್ಯಾಮೆರಾವನ್ನು ಮೇಷ್ಟ್ರ ಮೇಲೆ ನಿಲ್ಲಿಸಿದ್ದು ಅವಳೇ.

ಹೋದ ವಾರ ನಲವತ್ತು ಸೆಕೆಂಡು. ಈ ವಾರ ಎಷ್ಟೋ. “ಮೇಷ್ಟ್ರೇ, ಹೊರಗೆ ಬನ್ನಿ” ಎಂದದ್ದು ಅವಳಿಗೇ ಕೇಳಿಸಲಿಲ್ಲ. ಓಡಿಹೋಗಿ ಅವರ ತೋಳು ಹಿಡಿದಳು.

“ಎಲ್ರೂ ಹೊರಗೆ ನಡೀರಿ!”

“ಅರೆ, ಇವಳಿಗೆ ಮಾತು ಬರುತ್ತೆ!” ಎಂದ ಡೆಕ್ಲನ್.

“ತಾಯೀ, ಪಾಠ ಮುಗೀಲಿ ಇರು...”

“ಪಾಠ ಹಾಳಾಗ್ಲಿ, ಬನ್ನಿ ಅಂದ್ನಲ್ಲ!”

ದರದರನೆ ಎಳೆದಳು. ಬಾಗಿಲು ಮುಟ್ಟಿದ್ದರಷ್ಟೇ. ಮೇಜಿನ ನೆತ್ತಿಯ ಮೇಲೆ ಕಬ್ಬಿಣದ ಸರಳಿಗೆ ನೇತುಹಾಕಿದ್ದ ಹಳೆಯ ಭಾರೀ ಟಿವಿ, ಸರಳಿನ ಸಮೇತ ಕಳಚಿ ಬಿತ್ತು. ಮೇಜು ಎರಡು ಹೋಳಾಯಿತು.

ಯಾರಿಗೂ ಒಂದು ಗೀರೂ ಆಗಿರಲಿಲ್ಲ. ಆದರೆ ಗೋಡೆಯ ಪರದೆಯಲ್ಲಿ ವಾಹಾಕಾದವರು ಅಳುತ್ತಲೇ ಇದ್ದರು. ಕೆಲವರು ಎದೆಯ ಮೇಲೆ ಶಿಲುಬೆ ಬರೆದುಕೊಳ್ಳುತ್ತಿದ್ದರು. ಮೇಷ್ಟ್ರು ಕ್ಯಾಮೆರಾದ ಮುಂದೆ ನಿಂತು ಎರಡೂ ಕೈ ಬೀಸಿದರು. “ನೋಡ್ರಪ್ಪಾ, ಗುಂಡುಕಲ್ಲಿನ ಹಾಗಿದ್ದೀನಿ!” ಎರಡು ನಿಮಿಷ ಕಾದರು. ಐದು ನಿಮಿಷ ಕಾದರು. ಒಬ್ಬರೂ ತಲೆ ಎತ್ತಲಿಲ್ಲ.

ಮಾರ್ನಿ ಚಾಯೋಗೆ ಫೋನು ಮಾಡಿದಳು. “ಅಳಬೇಡ ಕಣೇ, ಯಾರಿಗೂ ಏನೂ ಆಗಿಲ್ಲ. ಮೇಷ್ಟ್ರು ಇಲ್ಲೇ ನನ್ನ ಪಕ್ಕ ನಿಂತಿದ್ದಾರೆ.”

“ಕಣ್ಣಾರೆ ನೋಡಿದ್ವಿ ಮಾರ್ನಿ. ಅವರ ಮೇಲೇ ಬಿತ್ತು. ನಿನ್ನ ಸದ್ದೇ ಇರ್ಲಿಲ್ಲ. ಅಷ್ಟು ಹತ್ರ ಇದ್ದೂ ಒಂದ್ ಸಲ ಕೂಗಬಾರ್ದಿತ್ತೇನೇ?”

ಮೇಷ್ಟ್ರು ಫೋನು ತೆಗೆದುಕೊಂಡರು. “ಚಾಯೋ, ನಾನಮ್ಮ, ಐನೊ.”

“ಯಾರ್ರೀ ನೀವು?” ಎಂದಳು ಚಾಯೋ ಮೆಲ್ಲಗೆ. “ಸತ್ತೋರ ದನಿ ಹಿಡಿದು ಆಟ ಆಡ್ಬಾರ್ದು.”

ಫೋನು ಕಟ್ಟಾಯಿತು. ಮೇಷ್ಟ್ರು ಅದನ್ನು ಮಾರ್ನಿಯ ಅಂಗೈಯಲ್ಲಿಟ್ಟರು. ಅವರ ಬೆರಳುಗಳು ಬೆಚ್ಚಗೇ ಇದ್ದವು. ಅವಳು ಅವನ್ನು ಬಿಗಿಯಾಗಿ ಹಿಡಿದುಕೊಂಡಳು, ಬಿಡಲಿಲ್ಲ.