ಜುಂಜಪ್ಪನ ಎಡಗೈ

ಹೊನ್ನಾಳಿಯ ಬಸ್ ನಿಲ್ದಾಣದಿಂದ ಹೊಳೆಯ ಕಡೆ ಇಳಿಯುವ ದಾರಿಯಲ್ಲಿ ಜುಂಜಪ್ಪನ ಗ್ಯಾರೇಜಿತ್ತು. ಗ್ಯಾರೇಜೆಂದರೆ ನಾಲ್ಕು ತಗಡು, ಒಂದು ಬೆಂಚು, ಹಿಂದೆ ಒಂದೇ ಕೋಣೆಯ ಮನೆ. ಕೆಟ್ಟ ಗಾಡಿ ಬಂದರೆ ಅವನು ಸ್ಪ್ಯಾನರ್ ಮುಟ್ಟುವ ಮೊದಲು ಬಾಯಿಬಿಟ್ಟು ಕೇಳುತ್ತಿದ್ದ: ಕೆಮ್ಮಿ ನಿಂತಿತೋ, ಥಟ್ಟನೆ ನಿಂತಿತೋ? ಕೆಮ್ಮಿದರೆ ಪೆಟ್ರೋಲಿನ ತೊಂದರೆ, ಥಟ್ಟನೆ ಸತ್ತರೆ ಕರೆಂಟಿನದು. ಎಷ್ಟೋ ಸಲ ಅಷ್ಟರಲ್ಲೇ ರೋಗ ಸಿಕ್ಕಿಬಿಡುತ್ತಿತ್ತು.

೧೯೮೩ರ ಬೇಸಿಗೆಯಲ್ಲಿ ಹಾಲಸ್ವಾಮಿ ಬೆವರು ಸುರಿಸುತ್ತ ಮೋಟಾರ್ ಸೈಕಲ್ ತಳ್ಳಿಕೊಂಡು ಬಂದ. ನ್ಯಾಮತಿ ಸುತ್ತಿನ ಹಳ್ಳಿಗಳಲ್ಲಿ ಮನೆಮನೆ ತಿರುಗಿ ಕುಷ್ಠರೋಗಿಗಳನ್ನು ಪತ್ತೆ ಮಾಡುವ ಸರ್ಕಾರಿ ನೌಕರ ಅವನು.

"ಮೂರು ಮೈಲಿ ಓಡ್ತೈತೆ, ಕೆಮ್ಮಿ ನಿಲ್ತೈತೆ. ಹತ್ತು ನಿಮಿಷ ಬಿಟ್ರೆ ಮತ್ತೆ ಓಡ್ತೈತೆ. ಈಗ ಸೇತುವೆ ಹತ್ರ ನಿಂತ್ಕಂತು ನೋಡ್ರಿ."

ಪೆಟ್ರೋಲೇ ಇರಬೇಕೆಂದು ಅನಿಸಿದರೂ ಜುಂಜಪ್ಪ ಪದ್ಧತಿ ಬಿಡಲಿಲ್ಲ. ಪ್ಲಗ್ ಬಿಚ್ಚಿ, ಅದನ್ನು ಎಡಗೈಯ ಕೊನೆಯ ಎರಡು ಬೆರಳಲ್ಲಿ ಎಂಜಿನ್ನಿಗೆ ಒತ್ತಿ ಹಿಡಿದು, ಬಲಗೈಯಲ್ಲಿ ಕಿಕ್ ಅದುಮಿದ. ನೀಲಿ ಕಿಡಿ ಚಟಚಟ ಹಾರಿತು. ಕರೆಂಟು ಸರಿ. ಪ್ಲಗ್ ಕೂರಿಸಿ ಪೆಟ್ರೋಲಿನ ಪೈಪು ಎಳೆದರೆ ಹನಿ ಹನಿಯಾಗಿ ಬಂತು. ಟ್ಯಾಂಕಿನ ಮುಚ್ಚಳ ತಿರುವಿದ. ಉಸ್ಸೆಂದು ಗಾಳಿ ಒಳಗೆ ನುಗ್ಗಿತು, ಕೆಳಗೆ ಪೆಟ್ರೋಲು ಧಾರೆಯಾಗಿ ಸುರಿಯಿತು.

"ಮುಚ್ಚಳದ ಗಾಳಿ ತೂತು ಮಣ್ಣು ತುಂಬಿ ಮುಚ್ಚೈತ್ರಿ. ಗಾಳಿ ಒಳಗೆ ಹೋಗ್ದಿದ್ರೆ ಪೆಟ್ರೋಲು ಕೆಳಕ್ಕೆ ಇಳಿಯಾಕಿಲ್ಲ," ಎಂದು ಸೂಜಿ ಹುಡುಕತೊಡಗಿದ.

ಹಾಲಸ್ವಾಮಿ ಮುಚ್ಚಳದ ಕಡೆ ನೋಡಲೇ ಇಲ್ಲ. ಅವನ ಕಣ್ಣು ಜುಂಜಪ್ಪನ ಎಡಗೈ ಮೇಲಿತ್ತು. ಕಾದ ಪ್ಲಗ್ ಹಿಡಿದಿದ್ದ ಎರಡು ಬೆರಳಿನ ಚರ್ಮ ಬೆಳ್ಳಗೆ ಬೊಬ್ಬೆಯೆದ್ದಿತ್ತು.

"ಸುಡಲಿಲ್ವಾ?"

"ಇಪ್ಪತ್ತು ವರ್ಷ ಸ್ಪ್ಯಾನರ್ ಹಿಡಿದ ಕೈ. ದಪ್ಪ ಆಗೈತೆ."

ಹಾಲಸ್ವಾಮಿ ಅವನನ್ನು ಬೆಂಚಿನ ಮೇಲೆ ಕೂರಿಸಿದ. ಮೊಣಕೈ ಹಿಂದಿನ ನರವನ್ನು ಒತ್ತಿ ನೋಡಿದ. ಹಗ್ಗದ ಹಾಗೆ ಬಾತಿತ್ತು. ಜೇಬಿನಿಂದ ಪೆನ್ನು ತೆಗೆದ.

"ಕಣ್ಣು ಮುಚ್ಕಳ್ರಿ. ಮುಟ್ಟಿದ ಕಡೆ ಬೆರಳಿಟ್ಟು ತೋರಿಸ್ರಿ."

ಜುಂಜಪ್ಪ ಹೆಬ್ಬೆರಳು, ತೋರುಬೆರಳು ತೋರಿಸಿದ. ಆಮೇಲೆ ಕಣ್ಣು ಮುಚ್ಚಿಕೊಂಡೇ ಕಾದ.

"ಮುಟ್ರಿ," ಎಂದ.

"ನಾಲ್ಕು ಸಲ ಮುಟ್ಟಿದ್ದಾಯ್ತು," ಎಂದ ಹಾಲಸ್ವಾಮಿ.

ಮುಂದಿನದನ್ನೆಲ್ಲ ಜುಂಜಪ್ಪ ಬೇರೆ ಯಾರದೋ ಸುದ್ದಿಯಂತೆ ಕೇಳಿದ. ಶಿವಮೊಗ್ಗದ ಡಾಕ್ಟರಿಗೆ ತೋರಿಸಬೇಕು, ದಿನಾ ಮಾತ್ರೆ ನುಂಗಬೇಕು. ಮಾತ್ರೆ ಶುರುವಾದರೆ ಇನ್ನೊಬ್ಬರಿಗೆ ಅಂಟುವುದಿಲ್ಲ. ಹೋದ ಸ್ಪರ್ಶ ಬರುವುದು ಕಷ್ಟ, ಉಳಿದದ್ದನ್ನು ಕಾಪಾಡಬಹುದು. ಎಲ್ಲಕ್ಕೂ ತಲೆಯಾಡಿಸಿ, ಸೂಜಿ ಸಿಕ್ಕಿದ ಮೇಲೆ ಮುಚ್ಚಳದ ತೂತು ಬಿಡಿಸಿಕೊಟ್ಟ.

ಊಟದ ಹೊತ್ತಿಗೆ ಹೆಂಡತಿ ಹುಲಿಗೆಮ್ಮನಿಗೆ ಹೇಳಿದ. ಅವಳು ಹಿಟ್ಟಿನ ಕೈಯಲ್ಲೇ ಕುಸಿದು ಕೂತಳು.

"ನಿಮ್ಮ ಬೆನ್ನ ಮೇಲಿನ ಬಿಳಿ ಮಚ್ಚೆ ಹೋದ ಯುಗಾದಿಗೇ ನೋಡಿದ್ದೆ. ತೊನ್ನು ಅಂದ್ಕಂಡು ಸುಮ್ನಾದೆ," ಎಂದು ಅತ್ತಳು.

ತನಗೂ ಅಳು ಬರಬಹುದೆಂದು ಜುಂಜಪ್ಪ ಸ್ವಲ್ಪ ಹೊತ್ತು ಕಾದ. ಬರಲಿಲ್ಲ. ರೊಟ್ಟಿ ತಣ್ಣಗಾಗುತ್ತಿತ್ತು, ಎತ್ತಿಕೊಂಡು ತಿಂದ.

ಸುದ್ದಿಯನ್ನು ಯಾರು ಹಬ್ಬಿಸಿದರೋ, ತಿಂಗಳೊಳಗೆ ಬೆಂಚು ಖಾಲಿಯಾಯಿತು. ಅಡಿಕೆ ವ್ಯಾಪಾರಿ ಮಹೇಶ್ವರಪ್ಪ, ಹನ್ನೆರಡು ವರ್ಷದ ಗಿರಾಕಿ, ಅರ್ಧ ಬಿಚ್ಚಿದ್ದ ತನ್ನ ಗಾಡಿಯನ್ನು ಆಳುಗಳಿಂದ ಎತ್ತಿನ ಗಾಡಿಗೆ ಹೇರಿಸಿ ಒಯ್ದ. ಬಿಡಿಭಾಗಗಳನ್ನು ಚೀಲಕ್ಕೆ ತುಂಬಿಕೊಟ್ಟವನು ಜುಂಜಪ್ಪನೇ. ಒಂದು ನಟ್ಟೂ ತಪ್ಪಿರಲಿಲ್ಲ.

ಮಳೆಗಾಲ ಕಳೆದ ಮೇಲೆ ಅದೇ ಮಹೇಶ್ವರಪ್ಪ ರಸ್ತೆಯ ಆಚೆ ಬದಿಗೆ ಗಾಡಿ ನಿಲ್ಲಿಸಿದ. ಈಚೆ ದಾಟಲಿಲ್ಲ.

"ಜುಂಜಪ್ಪ! ಓಡ್ತಾ ಓಡ್ತಾ ಥಟ್ಟನೆ ಆಫ್ ಆಗ್ತೈತೆ. ಪ್ಲಗ್ಗು, ಕಾಯಿಲ್ಲು ಎಲ್ಲಾ ಹೊಸದು ಹಾಕ್ಸಿದೆ!"

"ಯಾವಾಗ ಆಫ್ ಆಗ್ತೈತ್ರಿ?"

"ಅದಕ್ಕೊಂದು ಲೆಕ್ಕ ಇಲ್ಲ. ಹೆಚ್ಚಾಗಿ ತಿರುವಿನಾಗೆ."

"ಸ್ಟಾರ್ಟ್ ಮಾಡಿ ಹ್ಯಾಂಡಲ್ ಬಲಕ್ಕೆ ತಿರುಗಿಸ್ರಿ."

ಎಂಜಿನ್ ಓಡಿತು.

"ಈಗ ಎಡಕ್ಕೆ."

ಸತ್ತಿತು. ಮತ್ತೆ ಕಿಕ್ ಹೊಡೆದು ಎಡಕ್ಕೆ ತಿರುಗಿಸಿದರೆ ಮತ್ತೆ ಸತ್ತಿತು.

"ಹ್ಯಾಂಡಲ್ ಬುಡದಾಗೆ ವೈರಿನ ಸಿಪ್ಪೆ ಸುಲಿದೈತೆ. ಎಡಕ್ಕೆ ತಿರುಗಿಸಿದಾಗ ತಾಮ್ರ ಗಾಡಿ ಕಬ್ಬಿಣಕ್ಕೆ ತಾಗಿ ಕರೆಂಟು ಹೋಗ್ತೈತೆ. ಟೇಪ್ ಸುತ್ತಿದ್ರೆ ಆತು."

ಮಹೇಶ್ವರಪ್ಪನ ಹತ್ತಿರ ಟೇಪಿರಲಿಲ್ಲ. ಜುಂಜಪ್ಪ ಕಪ್ಪು ಟೇಪಿನ ಸುರುಳಿಯನ್ನು ರಸ್ತೆಯ ನಡುವೆ ಇಟ್ಟು ಹಿಂದಕ್ಕೆ ಸರಿದ. ವ್ಯಾಪಾರಿ ಅದನ್ನೇ ನೋಡುತ್ತ ನಿಂತ. ಒಂದು ಬಸ್ಸು ಹಾರ್ನ್ ಹೊಡೆಯುತ್ತ ಬಂದಾಗ ಗಬಕ್ಕನೆ ಬರಿಗೈಯಲ್ಲೇ ಎತ್ತಿಕೊಂಡ. ಜುಂಜಪ್ಪ ಈಚೆಯಿಂದ ಹೇಳಿದ, ಅವನು ಸುತ್ತಿದ. ಎಡಕ್ಕೆ ತಿರುಗಿಸಿದರೂ ಎಂಜಿನ್ ಓಡುತ್ತಲೇ ಇತ್ತು.

"ಅವನ ಮುಖಕ್ಕೆ ಉಗಿಬೇಕಿತ್ತು," ಎಂದಳು ಬಾಗಿಲಲ್ಲಿದ್ದ ಹುಲಿಗೆಮ್ಮ.

ಜುಂಜಪ್ಪ ರಸ್ತೆಗೆ ಬೆನ್ನು ಹಾಕಿ ಬೆಂಚಿಗೆ ಹಿಂತಿರುಗಿದ. ಸಿಟ್ಟಾಗಲಿ ಸಮಾಧಾನವಾಗಲಿ ಅವನಲ್ಲಿ ಇರಲಿಲ್ಲ.

ಮಾತ್ರೆ ವರ್ಷಗಟ್ಟಲೆ ನಡೆಯಿತು. ಕಿರುಬೆರಳು ಸ್ವಲ್ಪ ಬಾಗಿತು, ರೋಗ ಅಲ್ಲಿಗೆ ನಿಂತಿತು. ಗಿರಾಕಿಗಳು ಒಬ್ಬೊಬ್ಬರಾಗಿ ಹಿಂತಿರುಗಿದರು. ಎರಡನೇ ವರ್ಷದ ಅಡಿಕೆ ಕೊಯ್ಲಿನ ಹೊತ್ತಿಗೆ ಮಹೇಶ್ವರಪ್ಪನೂ ಗಾಡಿಯನ್ನು ಸೀದಾ ತಗಡಿನ ಕೆಳಗೆ ತಂದು, ಏನೂ ಆಗಿಲ್ಲವೆಂಬಂತೆ ಬೆಂಚಿನ ಮೇಲೆ ಕೂತ.

"ಡಬಲ್ ಸ್ಟ್ಯಾಂಡ್ ಹಾಕ್ರಿ," ಎಂದ ಜುಂಜಪ್ಪ.

ಹುಲಿಗೆಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ವ್ಯಾಪಾರಿ ಎದ್ದು ಹೋಗುವವರೆಗೆ ಹೊರಗೆ ಬರಲಿಲ್ಲ.