ಬಲಗಡೆಯ ಎರಡು ನಟ್ಟು

ಸ್ಪ್ರಿಂಗಿನ ಕೆಳತುದಿ ತನ್ನ ತಟ್ಟೆಯ ಗುಣಿಯಲ್ಲಿ ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ಧರ್ಮರಾಜ ಬೆರಳಾಡಿಸಿ ನೋಡಿದ. ಕೂತಿತ್ತು. ಇದು ಒಂದು ಬೆರಳು ಆಚೀಚೆ ಆದರೂ ಗಾಡಿ ಕಿರುಗುಟ್ಟುತ್ತದೆ ಎಂದು ತಮ್ಮನಿಗೆ ಪಾಠ ಹೇಳಿದ. ತಮ್ಮ ಮಹೇಶಕುಮಾರ ತನ್ನ ಟ್ಯಾಕ್ಸಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ತಲೆಯಾಡಿಸಿದ. ರಾತ್ರಿಯೆಲ್ಲ ಮರಾಠಿ ಸೀಮೆಯ ಈ ಶಹರದಲ್ಲಿ ವಿಮಾನ ನಗರ ಬಡಾವಣೆಯ ಸುತ್ತ ಬಾಡಿಗೆ ಹೊಡೆದು ಬಂದಿದ್ದರಿಂದ ಅವನ ಕಣ್ಣು ಕೆಂಪಗಿದ್ದವು.

ಗಾಡಿಯ ಮುಂದಿನ, ಕುಲುಕಾಟ ತಡೆಯುವ ಎರಡೂ ಶಾಕಪ್ ಎಣ್ಣೆ ಕಾರಿ ಕೆಲಸಕ್ಕೆ ಬಾರದಂತಾಗಿದ್ದವು. ಗ್ಯಾರೇಜಿಗೆ ಬಿಡುತ್ತೇನೆಂದ ತಮ್ಮನ ಮೇಲೆ ಧರ್ಮರಾಜ ರೇಗಿದ್ದ. ಹನ್ನೊಂದು ವರ್ಷ ಕಾರಿನ ಕಂಪನಿಯಲ್ಲಿ ಶಾಕಪ್ ಕೂಡಿಸುವ ಲೈನಿನಲ್ಲಿ ನಿಂತ ಅಣ್ಣ ಮನೆಯಲ್ಲೇ ಇರುವಾಗ ಗ್ಯಾರೇಜೇಕೆ? ನಿಜ ಹೇಳಬೇಕೆಂದರೆ ಆ ಲೈನಿನಲ್ಲಿ ಈ ಮಹಾಶಯ ಒಂದು ನಟ್ಟನ್ನೂ ಬಿಗಿದವನಲ್ಲ. ಬಿಗಿಯುವವನು ಅವನ ಹಿಂದೆ ನಿಂತವನು, ಅದೂ ಯಂತ್ರದಿಂದ. ಬಿಗಿದ ಪ್ರತಿ ನಟ್ಟಿಗೂ ಹಳದಿ ಪೆನ್ನಿನಿಂದ ಒಂದು ಗೀಟು ಎಳೆಯುವುದಷ್ಟೇ ಧರ್ಮರಾಜನ ಕೆಲಸ. ಗೀಟು ಬಿತ್ತೆಂದರೆ ಬಿಗಿಯಾಯಿತೆಂದು ಅರ್ಥ. ಆಮೇಲೆ ಅದನ್ನು ಯಾರೂ ಮುಟ್ಟುವುದಿಲ್ಲ. ಉಳಿದದ್ದನ್ನೆಲ್ಲ ಅವನು ನೋಡಿಯೇ ಕಲಿತಿದ್ದ, ಚೆನ್ನಾಗಿಯೇ ಕಲಿತಿದ್ದ. ಪೆನ್ನು ಮಾತ್ರ ಭಾನುವಾರವೂ ಜೇಬಿನಲ್ಲೇ ಇರುತ್ತಿತ್ತು.

ಎಡಗಡೆಯದನ್ನು ಬೆಳಿಗ್ಗೆಯೇ ಮುಗಿಸಿದ್ದ. ಪಂಕ್ಚರ್ ಅಂಗಡಿಯ ಬಾಬುವಿನಿಂದ ಉದ್ದ ಹಿಡಿಯ ದೊಡ್ಡ ಪಾನಾ ಕೇಳಿ ತಂದು, ಮೈಭಾರ ಹಾಕಿ ಎರಡೂ ನಟ್ಟು ಬಿಗಿದು ಗೀಟು ಎಳೆದಿದ್ದ. ಅಷ್ಟರಲ್ಲಿ ಲಾರಿಯೊಂದು ಬಂತೆಂದು ಬಾಬು ಪಾನಾ ವಾಪಸು ಒಯ್ದ. ಬಲಗಡೆಯ ಶಾಕಪ್ಪನ್ನು ಧರ್ಮರಾಜ ಮೇಲೆ ಕೂಡಿಸಿ, ಕೆಳಗೆ ಗಾಲಿಗೆ ಹಿಡಿದಿಡುವ ಎರಡು ಬೋಲ್ಟು ತೂರಿಸಿ, ನಟ್ಟುಗಳನ್ನು ಸದ್ಯಕ್ಕೆ ಬರಿಗೈಯಲ್ಲಿ ತಿರುಗಿಸಿಟ್ಟ. ಹೆಂಡತಿ ಅನುಸೂಯಾ ಬಾಗಿಲಲ್ಲಿ ನಿಂತು ರೊಟ್ಟಿ ಆರುತ್ತಿವೆ ಎಂದು ಕರೆದಳು. ಬಂದೆ ಎಂದು ಅವಳ ಕಡೆ ತಿರುಗಿದ. ಕೈ ಜೇಬಿಗೆ ಹೋಯಿತು, ಪೆನ್ನು ಹೊರಬಂತು, ಎರಡೂ ನಟ್ಟಿನ ಮೇಲೆ ಗೀಟು ಬಿತ್ತು. ಕೈ ಮಾಡಿದ ಕೆಲಸ ತಲೆಗೆ ತಿಳಿಯಲಿಲ್ಲ.

ಊಟಕ್ಕೆ ಕೂತಾಗಲೇ ಮಹೇಶನಿಗೆ ಬಾಡಿಗೆಯ ಫೋನು ಬಂತು. ಇಂದಾಪುರದ ಮಗಳ ಮನೆಗೆ ಹೊರಟ ಮುದುಕಿಯೊಬ್ಬಳು, ಈಗಲೇ ಬರಬೇಕಂತೆ. ಧರ್ಮರಾಜ ಅವಸರದಲ್ಲಿ ಕೈ ತೊಳೆದು ಬಂದು ಬಗ್ಗಿ ನೋಡಿದ. ನಾಲ್ಕು ನಟ್ಟು, ನಾಲ್ಕು ಗೀಟು.

"ಎಲ್ಲಾ ಆಗೇದ. ನಿಶ್ಚಿಂತಿ ಹೋಗು," ಎಂದ. ಗಾಲಿ ಹಾಕಿ ಜಾಕ್ ಇಳಿಸಿದರು.

ಮೂರೂವರೆಗೆ ಬಾಬು ಪಾನಾ ಹಿಡಿದು ಬಂದ. "ತಡ ಆತು ಧರ್ಮಣ್ಣಾ. ಬಲಗಡೀದು ಬಿಗೀಲಾಕ ಬೇಕಂದಿದ್ದಿ, ತಗೊ."

ಧರ್ಮರಾಜ ಕೈಚಾಚಲಿಲ್ಲ. ಪಾನಾ ಇಲ್ಲದೆ ಬಲಗಡೆಯ ನಟ್ಟು ಬಿಗಿಯಾದದ್ದು ಹೇಗೆ ಎಂದು ಲೆಕ್ಕ ಹಾಕಿದ; ಬಿಗಿಯಾಗಿಯೇ ಇರಲಿಲ್ಲ. ಮಹೇಶನಿಗೆ ಏಳು ಸಲ ಫೋನು ಮಾಡಿದ. ಗಾಡಿ ಹೊಡೆಯುವಾಗ ಫೋನು ಎತ್ತಬೇಡ ಎಂದು ತಾಕೀತು ಮಾಡಿದವನು ತಾನೇ. ಐದು ಗಂಟೆಗೆ ತಮ್ಮನ ನಂಬರಿನಿಂದ ಕರೆ ಬಂತು. ಮಾತಾಡಿದವರು ಯಾರೋ, ಮರಾಠಿಯಲ್ಲಿ.

ಮರುದಿನ ಬೆಳಿಗ್ಗೆ ಇಂದಾಪುರದ ಆಸ್ಪತ್ರೆಯಲ್ಲಿ ಮಹೇಶ ಕಣ್ಣು ತೆರೆದ. ಒಂದು ಕಾಲು ಮೊಣಕಾಲಿನವರೆಗೇ ಉಳಿದಿತ್ತು. ಮುದುಕಿ ಹೋಗಿಬಿಟ್ಟಿದ್ದಳು. ಹಾಸಿಗೆಯ ಪಕ್ಕ ನಿಂತ ಹವಾಲ್ದಾರ ಹೇಳಿಕೆ ಬರೆದುಕೊಳ್ಳುತ್ತ, ಗಾಡಿಗೆ ಈಚೆಗೆ ಏನಾದರೂ ಕೆಲಸ ಮಾಡಿಸಿದ್ದೆಯಾ ಎಂದು ಕೇಳಿದ. ಶಾಕಪ್ ಹಾಕಿದ್ದೆವು, ಆದರೆ ಹಾಕಿದವನು ನಮ್ಮಣ್ಣ, ಕಂಪನಿಯ ಮನುಷ್ಯ, ಅದರಲ್ಲಿ ತಪ್ಪಿರಲು ಸಾಧ್ಯವಿಲ್ಲ ಎಂದು ಮಹೇಶ ಆ ನೋವಿನಲ್ಲೂ ಹೆಮ್ಮೆಯಿಂದ ಹೇಳಿದ. ಹವಾಲ್ದಾರ ಧರ್ಮರಾಜನ ಮುಖ ನೋಡಿದ. ಹೌದು ಎಂದು ಧರ್ಮರಾಜ ತಲೆಯಾಡಿಸಿದ. ರಾತ್ರಿಯೆಲ್ಲ ಗಾಡಿ ಹೊಡೆದ ಚಾಲಕನಿಗೆ ನಿದ್ದೆ ಹತ್ತಿತ್ತು ಎಂದು ಬರೆದುಕೊಂಡು ಹವಾಲ್ದಾರ ಹೋದ.

"ಭಿಗವಣ ದಾಟಿದ ಮ್ಯಾಲ ಬಲಗಡಿ ಟಕ್ ಟಕ್ ಅಂತಿತ್ತು ಅಣ್ಣಾ," ಎಂದ ಮಹೇಶ ಮೆಲ್ಲಗೆ. "ನಿಂದರಿಸಿ ನೋಡಿದೆ. ನಿನ್ನ ಹಳದಿ ಗೀಟು ಕಾಣಸ್ತು. ಅಣ್ಣ ಮಾಡ್ಯಾನ, ಏನಾಗಲ್ಲಂತ ಹೋದೆ. ನನ್ನ ಕಣ್ಣ ಮುಚ್ಚಿರಬೇಕು. ನಾನಽ ಕೊಂದೆ ಆ ಮುದುಕೀಗಿ."

ಒಂದು ಮಾತು ಹೇಳಿದ್ದರೆ ಆ ಪಾಪ ತಮ್ಮನ ಎದೆಯಿಂದ ಇಳಿಯುತ್ತಿತ್ತು. ಧರ್ಮರಾಜನಿಗೆ ಅದು ಗೊತ್ತಿತ್ತು. ತನ್ನ ಮೇಲೆ ತನಗೇ ಹೇಸಿಗೆಯಾಯಿತು, ಆದರೂ ಹೆದರಿಕೆಯೇ ದೊಡ್ಡದಾಯಿತು. ಹೊದಿಕೆ ಸರಿಮಾಡಿದ.

"ಹೊರಗ ಅಕಿ ಮಗಳು ಕುಂತಾಳಂತ," ಎಂದ ಮಹೇಶ. "ನನಗ ಏಳಲಾಕ ಬರಲ್ಲ. ನನ್ನ ಕಡಿಂದ ನೀ ಹೋಗಿ ಕೈ ಮುಗದು ಬಾ."

ಧರ್ಮರಾಜ ಹೊರಗೆ ಬಂದ. ಪಡಸಾಲೆಯ ಬಾಕಿನ ಮೇಲೆ ನಡುವಯಸ್ಸಿನ ಹೆಂಗಸೊಬ್ಬಳು ತಾಯಿಯ ಕೈಚೀಲವನ್ನು ಪಕ್ಕಕ್ಕಿಟ್ಟುಕೊಂಡು ಕೂತಿದ್ದಳು. ಅವಳ ಮುಂದೆ ನಿಂತು ಕೈ ಮುಗಿದ. ನನ್ನ ತಮ್ಮನಿಂದ ತಪ್ಪಾಯಿತು, ಹೊಟ್ಟೆಗೆ ಹಾಕಿಕೊಳ್ಳಿ ಎಂದು ಮರಾಠಿಯಲ್ಲಿ ಹೇಳಿದ. ಅವಳು ಕಣ್ಣೊರೆಸಿಕೊಂಡಳು. ಆಮೇಲೆ ಚೀಲವನ್ನು ತೊಡೆಯ ಮೇಲೆ ತೆಗೆದುಕೊಂಡು, ಅವನಿಗೂ ಕೂರಲು ಜಾಗ ಮಾಡಿಕೊಟ್ಟಳು.