ಬಡಗಿ ತೀಡಿದ ಕುದುರೆ

ಹೆಂಡತಿಗೆ ಸಹಾಯ ಮಾಡಲು ಹೊರಟ ಗಂಡಸು ಮೊದಲು ಅವಳನ್ನು ಒಂದು ಮಾತು ಕೇಳಬೇಕು. ನಮ್ಮ ಬಡಗಿ ಕೇಳಲಿಲ್ಲ, ಎಡವಟ್ಟು ಮಾಡಿಕೊಂಡ.

ಅವನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಡ್ಯೂಟಿ ಮುಗಿಸಿ ಬಂದವಳೇ ಚೆಲ್ಲೋ ಎಂಬ ದೊಡ್ಡ ಪಿಟೀಲನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಕೂರುತ್ತಿದ್ದಳು. ಊರಿನ ವಾದ್ಯವೃಂದದಲ್ಲಿ ಒಂದು ಕುರ್ಚಿ ಖಾಲಿಯಾಗಿತ್ತು. ಭಾನುವಾರ ಸಂಜೆ ಪರೀಕ್ಷೆ. ಆ ಕುರ್ಚಿಗಾಗಿ ಅವಳು ವರ್ಷಗಟ್ಟಲೆ ಬಾಯಿ ಬಾಯಿ ಬಿಟ್ಟಿದ್ದಳು. ನುಡಿಸಬೇಕಾದ ರಾಗ ಅವಳಿಗೆ ನೀರು ಕುಡಿದಷ್ಟು ಸುಲಭ. ಕೊನೆಯಲ್ಲಿ ಬರುವ ಕಾರ್ಡ್ ಮಾತ್ರ, ಅಂದರೆ ನಾಲ್ಕು ತಂತಿಗಳ ನಾಲ್ಕು ಸ್ವರ ಕೂಡಿ ಕೇಳಬೇಕಾದ ಜಾಗ, ಕೈಕೊಡುತ್ತಿತ್ತು. ಕಮಾನು ಎರಡು ತಂತಿ ಹಿಡಿದರೆ ಇನ್ನೆರಡು ತಪ್ಪಿಸಿಕೊಳ್ಳುತ್ತಿದ್ದವು. "ನನ್ನ ಕೈಲಿ ಆಗಲ್ಲ ಬಿಡಿ" ಎಂದು ಶನಿವಾರ ಅವಳು ಕಣ್ಣೀರು ಹಾಕಿದಾಗ ಬಡಗಿಯ ಕರುಳು ಚುರುಕ್ ಎಂದಿತು.

ಮರುದಿನ ಅವಳು ಬೆಳಗಿನ ಡ್ಯೂಟಿಗೆ ಹೋದ ಮೇಲೆ ಅವನು ಚೆಲ್ಲೋವನ್ನು ಮಲಗಿಸಿ ನೋಡಿದ. ತಂತಿಗಳನ್ನು ಎತ್ತಿ ಹಿಡಿಯುವ ಪುಟ್ಟ ಮರದ ತುಂಡು, ಅದಕ್ಕೆ ಕುದುರೆ ಅನ್ನುತ್ತಾರೆ, ಅದರ ಬೆನ್ನು ಬಾಗಿತ್ತು, ನಡುವಿನ ತಂತಿಗಳು ಮೇಲೆ, ಅಂಚಿನವು ಕೆಳಗೆ. ಓಹೋ, ಇದಾ ವಿಷಯ! ಕುಂಟುವ ಮೇಜುಗಳನ್ನು ಸಮ ಮಾಡಿಯೇ ತಲೆ ಹಣ್ಣಾದವನಿಗೆ ಇದೇನು ಮಹಾ? ತಂತಿ ಸಡಿಲಿಸಿ, ಕುದುರೆ ತೆಗೆದು, ಅರದಿಂದ ಉಜ್ಜಿ ಬೆನ್ನನ್ನು ಚಪ್ಪಟೆ ಮಾಡಿದ.

"ಈಗ ನುಡಿಸು, ನೋಡೋಣ" ಎಂದ ಅವಳು ಬಂದ ಕೂಡಲೇ.

ಅವಳು ಶ್ರುತಿ ಮಾಡಿ ಕಮಾನು ಎಳೆದಳು. ನಾಲ್ಕೂ ಸ್ವರ ಒಟ್ಟಿಗೆ ಎದ್ದು ಕೋಣೆ ತುಂಬಿದವು. ಅವಳು ನಕ್ಕೇಬಿಟ್ಟಳು. ಆಮೇಲೆ ರಾಗ ಶುರು ಮಾಡಿದಳು, ನೋಡಿ, ಅಲ್ಲಿ ಕೆಟ್ಟಿತು. ಒಂದು ತಂತಿ ಮುಟ್ಟಿದರೆ ಅಕ್ಕಪಕ್ಕದವೂ ಬಾಯಿ ಹಾಕುತ್ತಿದ್ದವು.

"ರೀ, ಏನ್ ಮಾಡಿದ್ರಿ ಇದಕ್ಕೆ?"

"ಸಮ ಮಾಡ್ದೆ ಕಣೇ. ನಾಲ್ಕೂ ಒಟ್ಟಿಗೆ ಸಿಗ್ಲಿ ಅಂತ."

"ಒಂದೊಂದಾಗಿಯೂ ಸಿಗ್ಬೇಕಲ್ವಾ? ಅದಕ್ಕೇ ಅದು ಬಾಗಿರೋದು."

ಬಡಗಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ವಾದ್ಯದಂಗಡಿಗೆ ಭಾನುವಾರ ರಜೆ. ಹೊಸದನ್ನು ಕೆತ್ತೋಣವೆಂದರೆ ಅಂಥ ಹದವಾದ ಮರ ಕೈಯಲ್ಲಿಲ್ಲ. ಅವಳು ಬಯ್ದಿದ್ದರೆ ವಾಸಿಯಿತ್ತು. ಅವಳು ಬಯ್ಯದೆ, ಕಮಾನನ್ನು ಪೂರಾ ಪಕ್ಕಕ್ಕೆ ವಾಲಿಸಿ ಎಳೆದಳು. ಅಂಚಿನ ಸಣ್ಣ ತಂತಿ ಒಂಟಿಯಾಗಿ ನುಡಿಯಿತು. ಅದೊಂದರ ಮೇಲೆಯೇ ಇಡೀ ರಾಗವನ್ನು ಹುಡುಕತೊಡಗಿದಳು. ಬೆರಳುಗಳು ತಂತಿಯುದ್ದಕ್ಕೂ ಜಾರಿದವು, ಅವು ಸಾಲದಾದಾಗ ಹೆಬ್ಬೆರಳೂ ತಂತಿ ಒತ್ತಿತು. ಬಡಗಿ ಊಟಕ್ಕೆ ಕರೆಯಲೂ ಹೆದರಿದ.

ಸಂಜೆ ಅವನು ಸಭಾಂಗಣದ ಬಾಗಿಲ ಹೊರಗೆ ನಿಂತಿದ್ದ. ಒಳಗೆ ರಾಗ ಒಂದೇ ತಂತಿಯ ಮೇಲೆ ಹತ್ತಿ ಇಳಿಯಿತು. ಒಂದು ಕಡೆ ಸ್ವರ ಜಾರಿದಾಗ ಇವನು ಬಾಗಿಲಿಗೆ ಕಿವಿ ಹಚ್ಚಿದ. ಕೊನೆಗೆ ಆ ಕಾರ್ಡ್ ಬಂತು, ನಾಲ್ಕೂ ಕೂಡಿ, ತುಂಬಿಕೊಂಡು.

"ರಾಗಾನೆಲ್ಲ ಒಂದೇ ತಂತಿ ಮೇಲೆ ನುಡಿಸಿದ್ರಲ್ಲ, ಯಾವಾಗ ಕಲಿತ್ರಿ?" ಎಂದಿತು ವೃಂದದ ನಿರ್ದೇಶಕರ ದನಿ.

"ಇವತ್ತು ಮಧ್ಯಾಹ್ನ, ಸರ್."

"ಬುಧವಾರದಿಂದ ಅಭ್ಯಾಸಕ್ಕೆ ಬನ್ನಿ. ಆ ಕುರ್ಚಿ ನಿಮ್ದು. ಆದ್ರೆ ಮೊದಲು ಈ ಕುದುರೆ ಬದಲಾಯಿಸಿ. ಇದನ್ನ ಹೀಗೆ ಹಾಳು ಮಾಡಿದ ಮಹಾನುಭಾವ ಯಾರು?"

ಬಡಗಿ ಮೆಟ್ಟಿಲ ಕಡೆ ತಿರುಗಿದ.

"ನಮ್ಮನೆಯವ್ರು" ಎಂದಳು ಅವಳು. "ನಾನು ಅಳೋದನ್ನ ಅವರ ಕೈಲಿ ನೋಡಕ್ಕಾಗಲ್ಲ ಸರ್. ಇಲ್ಲೇ ಹೊರಗಿದ್ದಾರೆ, ಕರೀತೀನಿ ಇರಿ."

ಬಡಗಿ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು ಒಳಗೆ ಹೋದ.